ಮೂರಿಂಚೋ, ನಾಲ್ಕಿಂಚೋ, ಆರಿಂಚೋ: ಸ್ಪ್ರಿಂಕ್ಲರ್ ರೈಸರ್ ಆರಿಸುವ ಮುನ್ನ

"ಎಂಟು ಅಂತಸ್ತು ಅಂದ್ರೆ ಎಂಟು ಪಟ್ಟು ನೀರು ಬೇಕಲ್ವಾ ಸರ್? ಹಂಗಾದ್ರೆ ಪೈಪೂ ಅಷ್ಟೇ ದಪ್ಪ ಬೇಕಲ್ವಾ?"

ದಾವಣಗೆರೆಯ ಹದಡಿ ರಸ್ತೆ ಕಡೆಯ ಒಂದು ಸೈಟಿನಲ್ಲಿ ಸಾವ್ಕಾರ್ರೊಬ್ಬರು ನನ್ನನ್ನು ಹೀಗೆ ಕೇಳಿದರು. ಪಕ್ಕದಲ್ಲಿ ನಿಂತಿದ್ದ ಫಿಟ್ಟರ್ ಉಲ್ಟಾ ಹೇಳಿದ: "ಏನಿಲ್ರೀ ಸಾವ್ಕಾರ್ರೇ, ಮೂರಿಂಚು ಸಾಕು. ಎಲ್ಲಾ ಕಡೆ ಅದನ್ನೇ ಹಾಕೋದು." ಇಬ್ಬರೂ ಲೆಕ್ಕ ಹಾಕಿರಲಿಲ್ಲ. ಒಬ್ಬರು ಮಹಡಿ ಎಣಿಸಿದ್ದರು, ಇನ್ನೊಬ್ಬ ರೂಢಿ ಹಿಡಿದಿದ್ದ. ಪಿ.ಜೆ. ಬಡಾವಣೆ, ವಿದ್ಯಾನಗರ, ಶಾಮನೂರು ರಸ್ತೆ, ಎಲ್ಲಾ ಕಡೆ ಕಟ್ಟಡಗಳು ಮೇಲೇಳುತ್ತಿವೆ. ಈ ಪ್ರಶ್ನೆ ಪದೇ ಪದೇ ಬರುತ್ತದೆ. ಅದಕ್ಕೇ ಇದನ್ನು ಬರೆಯಲು ಕೂತೆ.

ರೈಸರ್ ಅಂದರೆ ಪಂಪ್ ರೂಮಿನಿಂದ ಮೇಲಿನ ಮಹಡಿತನಕ ಡಕ್ಟಿನಲ್ಲಿ ನೆಟ್ಟಗೆ ಏರುವ ಪೈಪು. ಒಂದೊಂದು ಮಹಡಿಯಲ್ಲೂ ಅದರಿಂದ ಒಂದು ಕವಲು ಹೊರಟು, ಆ ಮಹಡಿಯ ಸ್ಪ್ರಿಂಕ್ಲರ್ ಹೆಡ್ಡುಗಳಿಗೆ, ಅಂದರೆ ಬೆಂಕಿ ಬಿದ್ದಾಗ ಚಾವಣಿಯಿಂದ ನೀರು ಚಿಮ್ಮಿಸುವ ಬಾಯಿಗಳಿಗೆ, ನೀರು ಕೊಡುತ್ತದೆ. ನಮ್ಮ ಊರಿನ ಅಳತೆಯ ಕಟ್ಟಡಗಳಲ್ಲಿ ಆಯ್ಕೆ ಹೆಚ್ಚುಕಮ್ಮಿ ಮೂರೇ: ಮೂರಿಂಚು (80 ಮಿ.ಮೀ.), ನಾಲ್ಕಿಂಚು (100), ಆರಿಂಚು (150).

ಮೊದಲು ಸಾವ್ಕಾರ್ರ ಪ್ರಶ್ನೆಗೆ ಉತ್ತರ. ಎಂಟು ಪಟ್ಟು ನೀರು ಬೇಡ. ಬೆಂಕಿ ಬಿದ್ದಾಗ ಕಟ್ಟಡದ ಎಲ್ಲ ಸ್ಪ್ರಿಂಕ್ಲರ್‌ಗಳೂ ಒಟ್ಟಿಗೆ ಚಿಮ್ಮುವುದಿಲ್ಲ. ಒಂದೊಂದು ಹೆಡ್ಡಿನಲ್ಲೂ ಒಂದು ಚಿಕ್ಕ ಗಾಜಿನ ಬಲ್ಬ್ ಇರುತ್ತದೆ. ಕೆಂಪು ಬಲ್ಬ್ ಆದರೆ 68 ಡಿಗ್ರಿಗೆ ಒಡೆಯುತ್ತದೆ. ಎಲ್ಲಿ ಶಾಖ ಮುಟ್ಟಿತೋ ಅಲ್ಲಿನ ಹೆಡ್ ಮಾತ್ರ ತೆರೆಯುತ್ತದೆ. ಹಾಗಾಗಿ ವಿನ್ಯಾಸ ಮಾಡುವವರು ಒಂದು ಮಹಡಿಯಲ್ಲಿ, ಪಂಪಿಗೆ ಅತಿ ದೂರದ ಮೂಲೆಯಲ್ಲಿ, ಇಂತಿಷ್ಟು ಜಾಗಕ್ಕೆ ನೀರು ಬೇಕು ಎಂದು ಹಿಡಿಯುತ್ತಾರೆ. ರೈಸರ್ ಹೊರಬೇಕಾದ್ದು ಆ ಜಾಗದ ನೀರನ್ನು. ಕಟ್ಟಡ ಐದು ಅಂತಸ್ತಿರಲಿ, ಹದಿನೈದಿರಲಿ, ಬಳಕೆ ಒಂದೇ ಆಗಿದ್ದರೆ ಆ ನೀರಿನ ಪ್ರಮಾಣ ಒಂದೇ. ಮನೆಯ ನಲ್ಲಿ ಪೈಪಿನ ಲೆಕ್ಕ ಇಲ್ಲಿಗೆ ತರಬಾರದು. ಅಲ್ಲಿ ಬೆಳಗ್ಗೆ ಎಲ್ಲ ಮಹಡಿಯವರೂ ಒಟ್ಟಿಗೆ ನಲ್ಲಿ ತಿರುಗಿಸುತ್ತಾರೆ, ಇಲ್ಲಿ ಹಾಗಲ್ಲ.

ಹಾಗಂತ ಫಿಟ್ಟರ್ ಹೇಳಿದ್ದೂ ಸರಿಯಲ್ಲ. ಎಷ್ಟು ನೀರು ಅನ್ನುವುದು ಆ ಮಹಡಿಯಲ್ಲಿ ಏನು ಇಟ್ಟಿದ್ದಾರೆ ಎಂಬುದರ ಮೇಲೆ ನಿಂತಿದೆ.

ಎಷ್ಟು ನೀರು ಬೇಕು

ಸ್ಪ್ರಿಂಕ್ಲರ್‌ಗೆ ಅಮೆರಿಕದವರು ಬರೆದ ಕೋಡ್ ಎನ್‌ಎಫ್‌ಪಿಎ 13. ಅದರ ಅಂಕಿ ಹಿಡಿದು ಹೇಳುತ್ತೇನೆ. ಆಫೀಸು, ಮನೆಗಳಂಥ ಕಡಿಮೆ ಅಪಾಯದ ಕಡೆ ಪ್ರತಿ ಚದರ ಮೀಟರಿಗೆ ನಿಮಿಷಕ್ಕೆ 4.1 ಲೀಟರ್, 139 ಚದರ ಮೀಟರ್ ಜಾಗಕ್ಕೆ. ಗುಣಿಸಿದರೆ ನಿಮಿಷಕ್ಕೆ 570 ಲೀಟರ್. ಅಂಗಡಿ, ಬಟ್ಟೆ ಮಳಿಗೆ ಆದರೆ 4.1ರ ಬದಲು 8.1. ಅಂದರೆ ಸುಮಾರು 1126 ಲೀಟರ್. ಪಂಪಿಗೆ ಹತ್ತಿರದ ಹೆಡ್ಡುಗಳಲ್ಲಿ ಒತ್ತಡ ಜಾಸ್ತಿ ಇರುವುದರಿಂದ ಅವು ಬೇಕಾದ್ದಕ್ಕಿಂತ ಜಾಸ್ತಿ ನೀರು ಬಿಡುತ್ತವೆ. ಅದಕ್ಕೆ ಶೇಕಡಾ 15ರಷ್ಟು ಸೇರಿಸಿದರೆ ಆಫೀಸಿಗೆ 650, ಬಟ್ಟೆ ಅಂಗಡಿಗೆ 1300 ಲೀಟರ್. ಈ ಎರಡು ಅಂಕಿ ನೆನಪಿಟ್ಟುಕೊಳ್ಳಿ, ಮುಂದೆ ಇವೇ ಬರುತ್ತವೆ. ನೆಲಮಾಳಿಗೆಯ ಕಾರ್ ಪಾರ್ಕಿಂಗನ್ನೂ 2022ರ ಆವೃತ್ತಿಯಿಂದ ಅಂಗಡಿಗಳ ಸಾಲಿಗೇ ಸೇರಿಸಿದ್ದಾರೆ.

ನಮ್ಮ ದೇಶದ ಸ್ಪ್ರಿಂಕ್ಲರ್ ಮಾನಕ ಐಎಸ್ 15105 ಮತ್ತು ರಾಷ್ಟ್ರೀಯ ಕಟ್ಟಡ ಸಂಹಿತೆಯ (ಎನ್‌ಬಿಸಿ 2016) 4ನೇ ಭಾಗ ಇದ್ದೇ ಇವೆ. ಪರವಾನಗಿಗೆ ಅವನ್ನು ನೋಡಲೇಬೇಕು. ಅಂಕಿ ಬೇರೆ ಇರಬಹುದು, ರೈಸರ್ ಲೆಕ್ಕದ ದಾರಿ ಒಂದೇ. ಯಾವ ಕೋಡ್ ಹಿಡಿದರೂ ಕೊನೆತನಕ ಅದನ್ನೇ ಹಿಡಿಯಿರಿ. ಅರ್ಧ ಅಲ್ಲಿಂದ, ಅರ್ಧ ಇಲ್ಲಿಂದ ತೆಗೆದು ಕಲಸಿದ ಲೆಕ್ಕಗಳನ್ನು ನೋಡಿದ್ದೇನೆ. ಅವು ಕಾಗದದ ಮೇಲೆ ಚೆಂದ ಕಾಣುತ್ತವೆ, ಅಷ್ಟೇ.

ಬಟ್ಟೆಯ ಮಾತು ಬಂತಲ್ಲ, ಒಂದು ಸಂಗತಿ. ಹತ್ತಿ ಗಿರಣಿಗಳಿಂದ ಹೆಸರಾದ ಊರು ನಮ್ಮದು. ಸ್ಪ್ರಿಂಕ್ಲರ್ ಮೊದಲು ಹಬ್ಬಿದ್ದೂ 19ನೇ ಶತಮಾನದ ಅಮೆರಿಕದ ಬಟ್ಟೆ ಗಿರಣಿಗಳಲ್ಲೇ. ಹತ್ತಿ ಹೇಗೆ ಉರಿಯುತ್ತದೆ ಅಂತ ನಮ್ಮ ಹಿರಿಯರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬಟ್ಟೆ ಅಂಗಡಿಯ ಮಹಡಿಯನ್ನು ಆಫೀಸಿನ ಲೆಕ್ಕದಲ್ಲಿ ತೋರಿಸುವ ನಕ್ಷೆ ಕಂಡಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಎತ್ತರ ಬೇರೆ, ತಿಕ್ಕಾಟ ಬೇರೆ

ನೀರನ್ನು 10 ಮೀಟರ್ ಮೇಲೆತ್ತಲು ಸುಮಾರು 1 ಬಾರ್ ಒತ್ತಡ ಖರ್ಚಾಗುತ್ತದೆ. 30 ಮೀಟರಿಗೆ ಸುಮಾರು 3 ಬಾರ್. ಪೈಪು ಮೂರಿಂಚಿರಲಿ, ಆರಿಂಚಿರಲಿ, ಈ ಖರ್ಚು ಒಂದೇ. ದಪ್ಪ ಪೈಪು ಹಾಕಿ ಇದನ್ನು ಉಳಿಸಲು ಆಗುವುದಿಲ್ಲ. ಪೈಪಿನ ಗಾತ್ರ ಬದಲಾಯಿಸುವುದು ಎರಡನೆಯ ಖರ್ಚನ್ನು ಮಾತ್ರ: ನೀರು ಪೈಪಿನ ಗೋಡೆಗೆ ತಿಕ್ಕಿ ಹೋಗುವಾಗ ಕಳೆದುಕೊಳ್ಳುವ ಒತ್ತಡ.

ಇದನ್ನು ಹೇಜನ್-ವಿಲಿಯಮ್ಸ್ ಸೂತ್ರದಿಂದ ತೆಗೆಯುತ್ತಾರೆ. ಸೂತ್ರ ಬಿಡಿ, ಅದರ ಗುಣ ತಿಳಿದರೆ ಸಾಕು. ನೀರು ಎರಡು ಪಟ್ಟಾದರೆ ನಷ್ಟ ಎರಡು ಪಟ್ಟಲ್ಲ, ಸುಮಾರು 3.6 ಪಟ್ಟು. ಪೈಪು ಮೂರರಿಂದ ನಾಲ್ಕಿಂಚಿಗೆ ಹೋದರೆ ಮೀಟರಿಗೆ ಆಗುವ ನಷ್ಟ ಕಾಲು ಭಾಗದಷ್ಟಕ್ಕೆ ಇಳಿಯುತ್ತದೆ. ನಾಲ್ಕರಿಂದ ಆರಿಂಚಿಗೆ ಹೋದರೆ ಆರು-ಏಳನೇ ಒಂದು ಭಾಗಕ್ಕೆ. ಒಂದೇ ಇಂಚಿನ ವ್ಯತ್ಯಾಸ ಅಂತ ಅಂಗಡಿಯಲ್ಲಿ ಅನ್ನಿಸಬಹುದು, ನೀರಿಗೆ ಹಾಗೆ ಅನ್ನಿಸುವುದಿಲ್ಲ.

ನಮ್ಮಲ್ಲಿ ಸಾಮಾನ್ಯವಾಗಿ ಕಾಣುವಂಥ ಒಂದು ಕಟ್ಟಡ ತೆಗೆದುಕೊಳ್ಳೋಣ. ಕೆಳಗೆ ಎರಡು ಮಹಡಿ ಬಟ್ಟೆ ಅಂಗಡಿ, ಮೇಲೆ ಆರು ಮಹಡಿ ಆಫೀಸು. ರೈಸರ್ 30 ಮೀಟರ್. ದಾರಿಯಲ್ಲಿ ನಾಲ್ಕು ಬೆಂಡು, ಒಂದು ಟೀ (ಕವಲು ಕೂಡಿಸುವ ತುಂಡು), ಒಂದು ಬಟರ್‌ಫ್ಲೈ ವಾಲ್ವ್, ಒಂದು ಚೆಕ್ ವಾಲ್ವ್. ಇವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಡುವವರೇ ಜಾಸ್ತಿ. ನಾಲ್ಕಿಂಚಿನಲ್ಲಿ ಈ ಏಳು ಸಾಮಾನು ಸೇರಿ ಇನ್ನೂ 28 ಮೀಟರ್ ಪೈಪಿಗೆ ಸಮ. ಅಂದರೆ ರೈಸರ್ ಹೆಚ್ಚುಕಮ್ಮಿ ಎರಡರಷ್ಟು ಉದ್ದವಾದ ಹಾಗೆ. ಎಲ್ಲ ಸೇರಿಸಿ, ತಿಕ್ಕಾಟದಿಂದ ರೈಸರ್‌ನಲ್ಲಿ ಹೋಗುವ ಒತ್ತಡ ಸುಮಾರು ಇಷ್ಟು (ಬಾರ್ ಲೆಕ್ಕದಲ್ಲಿ):

| | ಮೂರಿಂಚು | ನಾಲ್ಕಿಂಚು | ಆರಿಂಚು |
|---|---|---|---|
| ನಿಮಿಷಕ್ಕೆ 650 ಲೀಟರ್, ಹೊಸ ಪೈಪು | 0.38 | 0.11 | 0.02 |
| ನಿಮಿಷಕ್ಕೆ 1300 ಲೀಟರ್, ಹೊಸ ಪೈಪು | 1.37 | 0.41 | 0.07 |
| ನಿಮಿಷಕ್ಕೆ 1300 ಲೀಟರ್, ತುಕ್ಕು ಹಿಡಿದ ಪೈಪು | 2.8 | 0.77 | 0.13 |

ಮೊದಲ ಸಾಲು ನೋಡಿದರೆ ಫಿಟ್ಟರ್ ಗೆದ್ದ ಹಾಗೆ ಕಾಣುತ್ತದೆ. ಬರೀ ಆಫೀಸು, ಹೊಸ ಪೈಪು, 30 ಮೀಟರ್. ಮೂರಿಂಚು ನಿಜಕ್ಕೂ ಸಾಕಾಗುತ್ತದೆ. ಇದನ್ನು ಒಪ್ಪಿಕೊಳ್ಳಲೇಬೇಕು.

ಆದರೆ ಮುಂದಿನ ವರ್ಷ ಏಳನೇ ಮಹಡಿಯ ಆಫೀಸು ಖಾಲಿಯಾಗಿ ಅಲ್ಲಿಗೆ ಸೀರೆ ಅಂಗಡಿಯೋ, ಅದರ ಗೋದಾಮೋ ಬಂದರೆ? ನಮ್ಮ ಊರಲ್ಲಿ ಇದು ದಿನಾ ನಡೆಯುವ ಮಾತು. ಆಗ ಎರಡನೇ ಸಾಲಿಗೆ ಬರುತ್ತೀರಿ. ಪಂಪು ಅಷ್ಟು ನೀರು ಕೊಡುವಾಗ 7 ಬಾರ್ ಒತ್ತಡ ಕೊಡುತ್ತದೆ ಅಂದುಕೊಳ್ಳಿ. ಎತ್ತರಕ್ಕೆ 3 ಬಾರ್ ಹೋಯಿತು. ಒಂದು ಹೆಡ್ 12 ಚದರ ಮೀಟರ್ ನೋಡಿಕೊಂಡರೆ ಅದು ನಿಮಿಷಕ್ಕೆ 97 ಲೀಟರ್ ಬಿಡಬೇಕು. ಮಾಮೂಲಿ ಕೆ 80 ಹೆಡ್ಡಿಗೆ (1 ಬಾರ್ ಒತ್ತಡದಲ್ಲಿ ನಿಮಿಷಕ್ಕೆ 80 ಲೀಟರ್ ಬಿಡುವಂಥದ್ದು) ಅದಕ್ಕೆ ಬೇಕಾದ ಒತ್ತಡ ಸುಮಾರು 1.5 ಬಾರ್. ಮಹಡಿಯೊಳಗಿನ ಪೈಪುಗಳಿಗೆ 1.2, ಅಲಾರಂ ವಾಲ್ವ್ ಮತ್ತಿತರಕ್ಕೆ 0.5 ಇಡಿ. ಒಟ್ಟು 6.2. ರೈಸರ್‌ಗೆ ಉಳಿದದ್ದು 0.8 ಬಾರ್ ಮಾತ್ರ. ಈಗ ಕೋಷ್ಟಕಕ್ಕೆ ವಾಪಸ್ ಬನ್ನಿ. ಮೂರಿಂಚಿಗೆ ಹೊಸದರಲ್ಲೇ 1.37 ಬೇಕು, ಸಾಲದು. ನಾಲ್ಕಿಂಚು ಹೊಸದರಲ್ಲಿ ಆರಾಮಾಗಿ ಸಾಕು, ಹಳೆಯದಾದ ಮೇಲೂ 0.77ರಲ್ಲಿ ಹೇಗೋ ನಿಲ್ಲುತ್ತದೆ. ಆರಿಂಚಿಗೆ ಚಿಂತೆಯೇ ಇಲ್ಲ.

"ಪಂಪು ದೊಡ್ಡದು ಹಾಕಿದ್ರೆ ಆಯ್ತಲ್ಲ" ಅನ್ನುವವರಿದ್ದಾರೆ. 1300 ಲೀಟರಿಗೆ ಒಂದು ಬಾರ್ ಜಾಸ್ತಿ ಬೇಕು ಅಂದರೆ ಮೋಟಾರು ಸುಮಾರು 5 ಎಚ್‌ಪಿ ಜಾಸ್ತಿ. ಕೇಬಲ್, ಸ್ಟಾರ್ಟರ್, ಡೀಸೆಲ್ ಇಂಜಿನ್ ಎಲ್ಲ ಅದಕ್ಕೆ ತಕ್ಕ ಹಾಗೆ ಬೆಳೆಯುತ್ತವೆ. 30 ಮೀಟರ್ ಪೈಪಿನಲ್ಲಿ ಉಳಿಸಿದ ದುಡ್ಡು ಪಂಪ್ ರೂಮಿನಲ್ಲಿ ಖರ್ಚಾಗುತ್ತದೆ.

ಕೊಯ್ದ ಪೈಪಿನ ಒಳಗೆ ಕಂಡದ್ದು

ಮೂರನೇ ಸಾಲಿನ ಅಂಕಿ ನಾನು ಸುಮ್ನೆ ಹೆದರಿಸಲು ಹಾಕಿದ್ದಲ್ಲ. ಆರು ಅಂತಸ್ತಿನ ಒಂದು ಕಟ್ಟಡದಲ್ಲಿ ಒಳಗಿನ ಗೋಡೆಗಳನ್ನು ಬದಲಾಯಿಸುತ್ತಿದ್ದರು. ರೈಸರ್ ಮೂರಿಂಚಿನದು. ಮೇಲಿನ ಮಹಡಿಯ ಟೆಸ್ಟ್ ವಾಲ್ವ್ ತಿರುಗಿಸಿದೆವು. ಗೇಜಿನ ಮುಳ್ಳು 3.8ರಲ್ಲಿ ನಿಂತದ್ದು ಅಲ್ಲಾಡಲೇ ಇಲ್ಲ. ನಿರ್ವಹಣೆ ನೋಡಿಕೊಳ್ಳುತ್ತಿದ್ದವರು "ನೋಡಿ ಸರ್, ಫುಲ್ ಪ್ರೆಶರ್" ಅಂದರು. ನಾನೂ ಹೂಂ ಅಂದೆ.

ಎರಡು ದಿನ ಬಿಟ್ಟು ಟೀ ಜಾಗ ಬದಲಿಸಲು ರೈಸರನ್ನು ಕೊಯ್ದರು. ಮೊದಲು ಕಪ್ಪು ನೀರು ಸುರಿಯಿತು, ಕೊಳೆತ ಮೊಟ್ಟೆಯಂಥ ವಾಸನೆ. ಕೊಯ್ದ ತುಂಡನ್ನು ಬೆಳಕಿಗೆ ಹಿಡಿದರೆ ಒಳಗೆ ಸುತ್ತಲೂ ಹುರಿಗಡಲೆ ಅಂಟಿಸಿದ ಹಾಗೆ ತುಕ್ಕಿನ ಗಂಟುಗಳು. ಬೆರಳಲ್ಲಿ ಒತ್ತಿದರೆ ಹೊರಗಿನ ಸಿಪ್ಪೆ ಪುಡಿಯಾಗುತ್ತದೆ, ಒಳಗೆ ಕಪ್ಪು ಕೆಸರು. ದುಂಡಗಿನ ದಾರಿ ಎಲ್ಲೂ ದುಂಡಗಿರಲಿಲ್ಲ. ಆಮೇಲೆ ಟೆರೇಸಿನ ಮೇಲೆ ತಾತ್ಕಾಲಿಕ ಬಾಯಿ ಮಾಡಿಸಿ ಎರಡು ಹೋಸ್ ತೆರೆದು ನೋಡಿದೆವು. ಅದೇ ಗೇಜಿನ ಮುಳ್ಳು 3.8ರಿಂದ 2.6ಕ್ಕೆ ಇಳಿಯಿತು.

ಟೆಸ್ಟ್ ವಾಲ್ವ್ ಯಾಕೆ ಹೇಳಲಿಲ್ಲ? ಅದು ಒಂದೇ ಒಂದು ಹೆಡ್ಡಿನಷ್ಟು ನೀರು ಬಿಡುತ್ತದೆ, ಆ ಒತ್ತಡಕ್ಕೆ ನಿಮಿಷಕ್ಕೆ 155 ಲೀಟರ್ ಆಸುಪಾಸು. ಅಷ್ಟು ಕಡಿಮೆ ನೀರಿಗೆ ಮೂರಿಂಚಿನ ರೈಸರ್‌ನಲ್ಲಿ ನಷ್ಟ ಒಂದು ಬಾರಿನ ಹತ್ತನೇ ಒಂದು ಭಾಗವೂ ಇಲ್ಲ. ಆ ವಾಲ್ವ್ ಇರುವುದು ಅಲಾರಂ ಹೊಡೆಯುತ್ತದೆಯೇ ಎಂದು ನೋಡಲು. ರೈಸರ್ ಗಾತ್ರ ಸಾಕೇ ಎಂದು ಅದರಿಂದ ಗೊತ್ತಾಗುವುದೇ ಇಲ್ಲ. ಈ ಒಂದು ಮಾತನ್ನು ಅಪಾರ್ಟ್‌ಮೆಂಟ್ ಸಂಘದವರು ದಯವಿಟ್ಟು ಬರೆದಿಟ್ಟುಕೊಳ್ಳಿ. ನೀರು ನಿಂತಿರುವಾಗ ಗೇಜು ತೋರಿಸುವ ಒತ್ತಡವನ್ನು ನಂಬಿ ಕೂರಬೇಡಿ.

ಸೂತ್ರದಲ್ಲಿ ಸಿ ಎಂಬ ಒಂದು ಅಂಕಿ ಪೈಪಿನ ಒಳಮೈ ಎಷ್ಟು ನುಣುಪು ಅಂತ ಹೇಳುತ್ತದೆ. ನೀರು ತುಂಬಿದ ಉಕ್ಕಿನ ಪೈಪಿಗೆ 120 ಹಿಡಿಯುವುದು ರೂಢಿ. ಅದು 100ಕ್ಕೆ ಇಳಿದರೆ ನಷ್ಟ ಶೇಕಡಾ 40 ಜಾಸ್ತಿ. ಸುತ್ತಲೂ 3 ಮಿ.ಮೀ. ತುಕ್ಕು ಕೂತರೆ ಮೂರಿಂಚಿನಲ್ಲಿ ಇನ್ನೂ ಶೇಕಡಾ 46 ಜಾಸ್ತಿ. ಎರಡೂ ಸೇರಿ ನಷ್ಟ ಎರಡು ಪಟ್ಟು. ಕೋಷ್ಟಕದ ಮೂರನೇ ಸಾಲು ಬಂದದ್ದು ಹೀಗೆ. ಅದೇ 3 ಮಿ.ಮೀ. ಆರಿಂಚಿಗೆ ಅಷ್ಟು ನೋವು ಕೊಡುವುದಿಲ್ಲ. ಸಣ್ಣ ಪೈಪಿಗೆ ಮುಪ್ಪು ಬೇಗ ಬರುತ್ತದೆ.

ಗಡಸು ಬೋರ್ ನೀರು ತುಂಬಿಸುವ ಕಡೆ ಇದನ್ನು ಇನ್ನೂ ಗಮನಿಸಬೇಕು. ತುಕ್ಕಿಗೆ ಗಾಳಿ ಬೇಕು. ರೈಸರ್ ತುದಿಯಲ್ಲಿ ಗಾಳಿ ಬಿಡುವ ವಾಲ್ವ್ ಇಲ್ಲದಿದ್ದರೆ ಸಿಕ್ಕಿಕೊಂಡ ಗಾಳಿ ಅಲ್ಲೇ ಕೂತು ಪೈಪನ್ನು ತಿನ್ನುತ್ತದೆ. ಸಣ್ಣ ಪುಟ್ಟ ರಿಪೇರಿಗೆಲ್ಲ ಪೂರ್ತಿ ರೈಸರ್ ಖಾಲಿ ಮಾಡಿ ಮತ್ತೆ ತುಂಬಿಸುವುದೂ ಬೇಡ. ಪ್ರತಿ ಸಲ ಹೊಸ ನೀರಿನ ಜೊತೆ ಹೊಸ ಆಮ್ಲಜನಕ ಒಳಗೆ ಹೋಗುತ್ತದೆ. ಮಹಡಿಗೊಂದು ಕಂಟ್ರೋಲ್ ವಾಲ್ವ್ ಹಾಕಿಸಿದರೆ ಆ ಮಹಡಿಯನ್ನಷ್ಟೇ ಖಾಲಿ ಮಾಡಬಹುದು.

ಹಾಗಾದರೆ ಎಲ್ಲಾ ಕಡೆ ಆರಿಂಚೇ ಹಾಕೋಣವೇ?

ಬೇಡ. ಮಧ್ಯಮ ದಪ್ಪದ, ಅಂದರೆ ಬಿ ಕ್ಲಾಸಿನ, ನಾಲ್ಕಿಂಚು ಪೈಪು ಮೀಟರಿಗೆ ಸುಮಾರು 12 ಕೆ.ಜಿ., ಆರಿಂಚು 19 ಕೆ.ಜಿ. ನೀರು ತುಂಬಿದ ಮೇಲೆ ನಾಲ್ಕಿಂಚು 21, ಆರಿಂಚು 38. 30 ಮೀಟರಿಗೆ ಆರಿಂಚಿನ ರೈಸರ್ ಒಂದು ಟನ್ ದಾಟುತ್ತದೆ. ಕೆಳಗಿನ ಬೆಂಡಿಗೆ ಸರಿಯಾದ ಕಾಂಕ್ರೀಟ್ ಆಸರೆ, ಮಹಡಿ ಮಹಡಿಗೂ ಕ್ಲಾಂಪು ಬೇಕು. ಜಾಗದ ಮಾತೂ ಇದೆ. ನಾಲ್ಕಿಂಚಿನ ಫ್ಲ್ಯಾಂಜ್ 220 ಮಿ.ಮೀ. ಅಗಲ, ಆರಿಂಚಿನದು 285. ಒಂದಡಿಯ ಡಕ್ಟಿನಲ್ಲಿ ಆರಿಂಚು ಇಳಿಸಿದರೆ ನಟ್ಟಿಗೆ ಸ್ಪ್ಯಾನರ್ ಹಾಕಲು ಕೈ ಹೋಗುವುದಿಲ್ಲ. ಆರ್ಕಿಟೆಕ್ಟ್ ಡಕ್ಟ್ ಬರೆಯುವಾಗಲೇ ಹೇಳಬೇಕಾದ ಮಾತು ಇದು, ಸ್ಲ್ಯಾಬ್ ಹಾಕಿದ ಮೇಲೆ ಅಲ್ಲ.

ಐದಿಂಚು ಅಂತಲೂ ಒಂದಿದೆ. ಅದರ ಫಿಟಿಂಗು, ವಾಲ್ವ್ ಹುಡುಕುವ ಕಷ್ಟಕ್ಕೆ ನಾನು ಅದನ್ನು ಹೇಳುವುದಿಲ್ಲ. ಕೆಳಗೆ ನಾಲ್ಕಿಂಚು, ಮೇಲಿನ ಆಫೀಸು ಮಹಡಿಗಳಿಗೆ ಮೂರಿಂಚು ಅಂತ ಕಿರಿದು ಮಾಡುವವರೂ ಇದ್ದಾರೆ. ಲೆಕ್ಕದಲ್ಲಿ ತಪ್ಪಿಲ್ಲ, ಆದರೆ ಸೀರೆ ಅಂಗಡಿಯ ಮಾತು ಮತ್ತೆ ನೆನಪಿಸಿಕೊಳ್ಳಿ. ಬಳಕೆ ಬದಲಾಗುವ ಊರಿನಲ್ಲಿ ರೈಸರ್ ಕೆಳಗಿನಿಂದ ಮೇಲಿನತನಕ ಒಂದೇ ಗಾತ್ರ ಇರಲಿ.

ನನ್ನ ಅಭಿಪ್ರಾಯ ಹೀಗೆ. ಐದಾರು ಅಂತಸ್ತಿನ, ಬರೀ ಮನೆಗಳಿರುವ, ಬಳಕೆ ಬದಲಾಗದ ಕಟ್ಟಡವಾದರೆ ಲೆಕ್ಕ ತೋರಿಸಿ ಮೂರಿಂಚು ಹಾಕಬಹುದು. ಕೆಳಗೆ ಅಂಗಡಿ, ಹೋಟೆಲು, ಮೇಲೆ ಆಫೀಸು ಇರುವ ಮಾಮೂಲಿ ಕಟ್ಟಡಕ್ಕೆ, ಸ್ಪ್ರಿಂಕ್ಲರ್‌ಗೆ ಬೇರೆ ರೈಸರ್ ಇದ್ದರೆ, ನಾಲ್ಕಿಂಚು. ಆರಿಂಚು ಬೇಕಾಗುವುದು ಮುಖ್ಯವಾಗಿ ಹೈಡ್ರಂಟನ್ನೂ ಅದೇ ರೈಸರ್‌ಗೆ ಸೇರಿಸಿದಾಗ.

ಹೈಡ್ರಂಟಿಗೂ ಸ್ಪ್ರಿಂಕ್ಲರ್‌ಗೂ ಒಂದೇ ರೈಸರ್ ಇದ್ದರೆ

ಮೆಟ್ಟಿಲ ಪಕ್ಕ ಕೆಂಪು ಪೆಟ್ಟಿಗೆ, ಅದರಲ್ಲಿ ಹೋಸ್, ಲ್ಯಾಂಡಿಂಗ್ ವಾಲ್ವ್. ಇದಕ್ಕೆ ನೀರು ಕೊಡುವುದೇ ಹೈಡ್ರಂಟ್ ರೈಸರ್. ಎರಡಕ್ಕೂ ಒಂದೇ ಪೈಪು ಸಾಲದೇ ಅಂತ ಕೇಳುತ್ತಾರೆ. ಸಾಲುತ್ತದೆ, ಆದರೆ ಆಗ ನೀರು ಕೂಡುತ್ತದೆ. ಬೆಂಕಿ ಬಿದ್ದಾಗ ಸ್ಪ್ರಿಂಕ್ಲರ್ ಚಿಮ್ಮುತ್ತಿರುತ್ತದೆ, ಅದೇ ಹೊತ್ತಿಗೆ ಅಗ್ನಿಶಾಮಕ ಸಿಬ್ಬಂದಿ ಹೋಸ್ ತೆರೆಯುತ್ತಾರೆ. ಮೇಲಿನ ಹೈಡ್ರಂಟಿನಲ್ಲಿ ಆಗಲೂ 3.5 ಬಾರ್ ಇರಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಕಾಣುವ ನಿಮಿಷಕ್ಕೆ 2280 ಲೀಟರಿನ ಪಂಪು ಪೂರ್ತಿ ಓಡಿದರೆ, ಅದೇ 30 ಮೀಟರ್ ರೈಸರ್‌ನಲ್ಲಿ ನಾಲ್ಕಿಂಚು ಸುಮಾರು 1.2 ಬಾರ್ ತಿನ್ನುತ್ತದೆ, ಆರಿಂಚು 0.2. ಇಲ್ಲಿ ಆರಿಂಚು ಹಾಕಿದ ದುಡ್ಡು ದಂಡವಲ್ಲ.

ನನಗೆ ಆಯ್ಕೆ ಕೊಟ್ಟರೆ ಬೇರೆ ಬೇರೆ ರೈಸರ್ ಅಂತಲೇ ಹೇಳುತ್ತೇನೆ. ಒಂದರಲ್ಲಿ ಸೋರಿಕೆ ಬಂದು ಮುಚ್ಚಿದರೆ ಇನ್ನೊಂದು ಉಳಿಯುತ್ತದೆ. ಒಂದೇ ರೈಸರ್ ಇದ್ದು ರಿಪೇರಿಗೆ ನಿಂತರೆ ಆ ರಾತ್ರಿ ಇಡೀ ಕಟ್ಟಡ ಒಣಗಿ ನಿಂತಿರುತ್ತದೆ. ಡಕ್ಟಿನಲ್ಲಿ ಜಾಗವೇ ಇಲ್ಲದ ಹಳೆಯ ಕಟ್ಟಡಗಳಿಗೆ ಮಾತ್ರ ಒಂದೇ ಆರಿಂಚು, ಅದೂ ಮಹಡಿ ಮಹಡಿಗೂ ಸ್ಪ್ರಿಂಕ್ಲರ್ ಕಂಟ್ರೋಲ್ ವಾಲ್ವ್ ಜೊತೆಗೆ.

ಹೆಡ್ಡು ಎಣಿಸಿ ಪೈಪು ಹಾಕುವ ಹಳೇ ಪಟ್ಟಿ

ಕೆಲವರು ಲೆಕ್ಕದ ಬದಲು ಪಟ್ಟಿ ತೋರಿಸುತ್ತಾರೆ. ಅಂಗಡಿಯಂಥ ಕಡೆಗೆ ಎರಡೂವರೆ ಇಂಚಿಗೆ 20 ಹೆಡ್ಡು, ಮೂರಿಂಚಿಗೆ 40, ನಾಲ್ಕಿಂಚಿಗೆ 100, ಆರಿಂಚಿಗೆ 275. ಪಟ್ಟಿ ಸುಳ್ಳಲ್ಲ, ಎನ್‌ಎಫ್‌ಪಿಎ 13ರಲ್ಲೇ ಇದೆ. ಆದರೆ ಅದು ಹೆಚ್ಚಾಗಿ ಹಳೆಯ ವ್ಯವಸ್ಥೆಗೆ ಒಂದಿಷ್ಟು ಸೇರಿಸುವಾಗ, ಇಲ್ಲವೇ 465 ಚದರ ಮೀಟರಿನೊಳಗಿನ ಸಣ್ಣ ಜಾಗಕ್ಕೆ. ಅಲ್ಲೂ ರೈಸರ್‌ಗೆ ಯಾವುದಾದರೂ ಒಂದು ಮಹಡಿಯ ಹೆಡ್ಡುಗಳನ್ನು ಎಣಿಸಬೇಕು, ಎಲ್ಲ ಮಹಡಿ ಕೂಡಿಸಬಾರದು. ಪಟ್ಟಿಗೆ ಎತ್ತರ ಗೊತ್ತಿಲ್ಲ, ಪಂಪು ಗೊತ್ತಿಲ್ಲ. ಎಂಟು ಅಂತಸ್ತಿನ ಹೊಸ ಕಟ್ಟಡಕ್ಕೆ ಅದನ್ನು ನಂಬಬೇಡಿ.

ಪೈಪಿನ ಕ್ಲಾಸಿನ ಬಗ್ಗೆ ಎರಡು ಮಾತು. ಐಎಸ್ 1239 ಮಾನಕದ ಉಕ್ಕಿನ ಪೈಪಿಗೆ ಗೋಡೆಯ ದಪ್ಪ ಹೇಳುವ ಬಣ್ಣದ ಪಟ್ಟೆ ಇರುತ್ತದೆ: ಹಳದಿ ಎ (ತೆಳು), ನೀಲಿ ಬಿ (ಮಧ್ಯಮ), ಕೆಂಪು ಸಿ (ದಪ್ಪ). ಸಿ ಕ್ಲಾಸ್ ದಪ್ಪವಾದ್ದರಿಂದ ಒಳಗಿನ ದಾರಿ ಎರಡು ಮಿ.ಮೀ.ನಷ್ಟು ಕಿರಿದು, ಆದರೆ ತುಕ್ಕನ್ನು ಜಾಸ್ತಿ ವರ್ಷ ತಡೆಯುತ್ತದೆ. ರೈಸರ್‌ಗೆ ಸಿ ಕ್ಲಾಸ್ ಹಾಕಿಸಿ, ಒಳ ಅಳತೆ ಅದರದ್ದೇ ಹಿಡಿದು ಲೆಕ್ಕ ಮಾಡಿಸಿ. ಹಳದಿ ಪಟ್ಟೆ ಕಂಡರೆ ಲಾರಿಯಿಂದ ಇಳಿಸಿಕೊಳ್ಳಲೇಬೇಡಿ.

ಗುತ್ತಿಗೆದಾರರ ಹತ್ತಿರ ಕೊಟೇಶನ್ ಕೇಳುವಾಗ "ರೈಸರ್ ಎಷ್ಟಿಂಚು?" ಅಂತ ಕೇಳಿ ಬಿಡಬೇಡಿ. ಯಾವ ಮಹಡಿಯ ಯಾವ ಮೂಲೆ ಹಿಡಿದಿರಿ, ನಿಮಿಷಕ್ಕೆ ಎಷ್ಟು ಲೀಟರ್, ಸೂತ್ರದ ಸಿ ಅಂಕಿ (ನುಣುಪಿನದು) ಎಷ್ಟು, ಬೆಂಡು-ವಾಲ್ವ್ ಸೇರಿಸಿದ್ದೀರಾ, ಕೊನೆಯ ಹೆಡ್ಡಿನಲ್ಲಿ ಎಷ್ಟು ಬಾರ್ ಉಳಿಯಿತು ಅಂತ ಕೇಳಿ. ಸಿ 120 ಮತ್ತು 100 ಎರಡರಲ್ಲೂ ಲೆಕ್ಕ ಮಾಡಿಸಿ. ಕೆಲಸ ಮುಗಿದ ಮೇಲೆ ಪೈಪನ್ನು 13.8 ಬಾರ್ ಒತ್ತಡದಲ್ಲಿ ಎರಡು ಗಂಟೆ ನಿಲ್ಲಿಸಿ ಪರೀಕ್ಷೆ ಮಾಡುವುದು ಎನ್‌ಎಫ್‌ಪಿಎಯ ರೀತಿ. ಆ ಎರಡು ಗಂಟೆ ನೀವೂ ಅಲ್ಲೇ ಇರಿ. ಆಮೇಲೆ ಲೆಕ್ಕದ ಮುಖ್ಯ ಅಂಕಿಗಳನ್ನು ಒಂದು ತಗಡಿನ ಫಲಕದ ಮೇಲೆ ಕೆತ್ತಿಸಿ ರೈಸರ್ ವಾಲ್ವ್ ಪಕ್ಕದಲ್ಲೇ ಹಾಕಿಸಿ: ಎಷ್ಟು ಜಾಗಕ್ಕೆ, ಚದರ ಮೀಟರಿಗೆ ಎಷ್ಟು ನೀರು, ಒಟ್ಟು ಎಷ್ಟು ಲೀಟರ್, ರೈಸರ್ ಬುಡದಲ್ಲಿ ಎಷ್ಟು ಬಾರ್. ನಾಳೆ ಏಳನೇ ಮಹಡಿಗೆ ಸೀರೆ ಅಂಗಡಿ ಬರುವಾಗ ಯಾರಾದರೂ ಆ ಫಲಕ ಓದಿ, ಪೈಪು ತಡೆಯುತ್ತದೆಯೇ ಅಂತ ಹತ್ತು ನಿಮಿಷದಲ್ಲಿ ಹೇಳಬಹುದು.